ಅಪ್‌ಡೇಟ್: ಕಂಪ್ಯೂಟರ್ ಸುಮ್ಮನಿದ್ದಾಗ ತಾನಾಗಿಯೇ ಬ್ಯಾಕಪ್ ಆಗುವ ವ್ಯವಸ್ಥೆ ಕೊನೆಗೂ ಸಿದ್ಧವಾಯಿತು

ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕೀಲಿಮಣೆ, ಮೌಸ್ 10 ನಿಮಿಷ ಅಲುಗಾಡದಿದ್ದರೆ ಕಡತಗಳನ್ನು ನಕಲಿಸುವ ಆರ್‌ಸಿಂಕ್ ಮೂಲಕ ಬ್ಯಾಕಪ್ ಆರಂಭವಾಗಬೇಕು, ಅದಕ್ಕೇನು ದಾರಿ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೆಚ್ಚಿನವರು ಸೂಚಿಸಿದ, ಕಂಪ್ಯೂಟರ್ ಎಷ್ಟು ಹೊತ್ತಿನಿಂದ ಸುಮ್ಮನಿದೆ ಎಂದು ತಿಳಿಸುವ ಎಕ್ಸ್‌ಪ್ರಿಂಟ್‌ಐಡಲ್ ನನಗೆ ಒದಗಲಿಲ್ಲ. ಅದು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ಗಾಗಿ ಬರೆದ ಸಾಧನ. ನನ್ನದು ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡ್ ಸೆಷನ್ ಆದ್ದರಿಂದ ಅದು ಕೊಡುತ್ತಿದ್ದ ಲೆಕ್ಕವನ್ನು ನಂಬುವಂತಿರಲಿಲ್ಲ. ಫಲಿಸಿದ್ದು, ಗ್ನೋಮ್ ಡೆಸ್ಕ್‌ಟಾಪ್‌ನ ಕಿಟಕಿಗಳನ್ನು ನಿರ್ವಹಿಸುವ ಮಟರ್, ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡುವ ಡಿ-ಬಸ್‌ನಲ್ಲಿ ಒದಗಿಸುವ, ಸುಮ್ಮನಿರುವ ಹೊತ್ತನ್ನು ಎಣಿಸುವ ಐಡಲ್‌ಮಾನಿಟರ್ ಅನ್ನು ಜಿಡಿಬಸ್ ಆದೇಶದಿಂದ ನೇರವಾಗಿ ಕೇಳಿ ಎಂದು ಕೊನೆಯಲ್ಲಿ ಒಬ್ಬರು ಕೊಟ್ಟ ಸಲಹೆ. ಅದನ್ನು ಮೊದಲು ನಿಗದಿತ ಸಮಯಕ್ಕೆ ಆದೇಶ ನಡೆಸುವ ಕ್ರಾನ್‌ಗೆ ಸೇರಿಸಿದಾಗ, ಸೆಷನ್ ಬಸ್‌ನ (ನನ್ನ ಲಾಗಿನ್‌ಗೆ ಸೇರಿದ ಡಿ-ಬಸ್‌ನ) ವಿಳಾಸ ಕ್ರಾನ್‌ಗೆ ತಿಳಿಯದ ಕಾರಣ ಬರೀ ದೋಷಸಂದೇಶ ಬಂತು. ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯಲ್ಲಿ, ನನ್ನ ಲಾಗಿನ್‌ನ ಪರವಾಗಿಯೇ ನಡೆಯುವ ಬಳಕೆದಾರ ಟೈಮರ್‌ಗೆ ಬದಲಾಯಿಸಿದ ಮೇಲೆ ತೊಂದರೆ ಕಾಣಲಿಲ್ಲ.

ಐಡಲ್‌ಮಾನಿಟರ್‌ನ ಉತ್ತರ ಮಿಲಿಸೆಕೆಂಡಿನಲ್ಲಿ ಬರುತ್ತದೆಂಬುದನ್ನು ಗಮನಿಸದೆ ನಾನು 10 ನಿಮಿಷಕ್ಕೆ 6,00,000ದ ಬದಲು 600 ಎಂದು ಬರೆದಿದ್ದೆ, ಹಾಗಾಗಿ ಕೈ ತೆಗೆದ ಅರೆಕ್ಷಣಕ್ಕೇ ಬ್ಯಾಕಪ್ ಹೊರಡುತ್ತಿತ್ತು! ನಾನು ಊಹಿಸದಿದ್ದ ಇನ್ನೊಂದು ಸಂಗತಿಯೆಂದರೆ, ಕೀಲಿ ಮುಟ್ಟದೆ ಸಿನಿಮಾ ನೋಡುತ್ತಿದ್ದರೂ ಈ ಲೆಕ್ಕ ಏರುತ್ತಲೇ ಇರುತ್ತದೆ. ಸದ್ಯಕ್ಕೆ ಸಿನಿಮಾ ನೋಡುವಾಗ ಟೈಮರ್ ಅನ್ನು ಕೈಯಾರೆ ನಿಲ್ಲಿಸುತ್ತಿದ್ದೇನೆ.