ಅಪ್‌ಡೇಟ್: 2021ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಬೀಳ್ಕೊಡುಗೆ ಕೊನೆಗೂ ನಡೆಯಿತು

ಕೊರೋನಾದಿಂದ ನಮ್ಮ ಬ್ಯಾಚಿಗೆ ಬೀಳ್ಕೊಡುಗೆನೇ ಆಗಿರಲಿಲ್ಲ, ಈಗ ಎಲ್ಲರೂ ಸೇರಿದರೆ ಏನು ಮಾಡಬಹುದು ಅಂತ ಕೇಳಿದ್ದೆ. ಭಾಷಣ ಕಮ್ಮಿ ಮಾಡಿ, ನೆನಪು ಹೇಳಿಸಿ ಅಂದಿದ್ದಿರಿ ಜಾಸ್ತಿ ಜನ. ಹಾಗೇ ಮಾಡಿದೆವು.

ಎಂಟನೇ ಕ್ಲಾಸಿನ ಸರ್ಕಾರಿ ಸೈಕಲ್ ಕಥೆ ಬೇಗ ಮುಗಿಯಿತು. ಮಾತು ನಿಂತಿದ್ದು ವಿದ್ಯಾಗಮದ ಹತ್ತಿರ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಊರಿಗೆ ಬಂದು ಪಾಠ ಮಾಡುತ್ತಿದ್ದರಲ್ಲ, ಅದು. ಗಣಿತದ ಮೇಡಂ ದೇವಸ್ಥಾನದ ಗೋಡೆಗೆ ರೋಲಪ್ ಬೋರ್ಡ್ ನೇತುಹಾಕಿ ಲೆಕ್ಕ ಬಿಡಿಸುವಾಗ ಮೇಕೆಯೊಂದು ಅರಳಿಕಟ್ಟೆ ಹತ್ತಿ ನೋಟ್ಸಿನ ಹಾಳೆ ತಿಂದಿತ್ತು. ಅವರೇ ನೆನಪಿಸಿ ನಕ್ಕರು.

ಆಮೇಲೆ ಪರೀಕ್ಷೆ. 2021ರ ಜುಲೈ 19 ಮತ್ತು 22, ಎರಡೇ ದಿನ. ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಅಂಕ, ಎಲ್ಲಾ ಓಎಂಆರ್, ಅಂದರೆ ಸರಿಯುತ್ತರದ ಸೊನ್ನೆಗೆ ಮಸಿ ತುಂಬುವ ಹಾಳೆ. "ಸೊನ್ನೆಗೆ ಮಸಿ ಬಳಿದು ಪಾಸಾದವರು" ಅಂತ ಜೂನಿಯರ್‌ಗಳು ಈಗಲೂ ರೇಗಿಸುತ್ತಾರೆ. ರೇಗಿಸಲಿ ಬಿಡಿ. ಮಾಸ್ಕ್ ಹಾಕಿಕೊಂಡು ಮೂರು ಗಂಟೆ ಕೂತವರಿಗೆ ಗೊತ್ತು.

ನಿಮ್ಮ ಒಂದು ಸಲಹೆ ಮಾತ್ರ ಕೈಬಿಟ್ಟೆವು, ಶಾಲೆಗೆ ಗೋಡೆ ಗಡಿಯಾರ ಕೊಡಿ ಅಂದಿದ್ದು. ಹಳೇ ಬ್ಯಾಚಿನವರು ಕೊಟ್ಟಿದ್ದೇ ಬೀರು ತುಂಬಾ ಇವೆಯಂತೆ! ಹೆಡ್‌ಮೇಷ್ಟ್ರನ್ನು ಕೇಳಿ ಕುಡಿಯುವ ನೀರಿನ ಫಿಲ್ಟರ್ ಕೊಡಿಸಿದೆವು.