ಪದ ಬೇಕು (ತುರ್ತು): ‘ಓಲೈಕೆ’ಗೆ ಬದಲಿ

ನಮಸ್ಕಾರ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ನಾಳೆ ವಿಚಾರಗೋಷ್ಠಿ. ಪ್ರತಿಪಕ್ಷಗಳು ಹೊಸ ಮತದಾರರನ್ನು ತಮ್ಮ ಕಡೆ ಮಾಡಿಕೊಳ್ಳೋದು ಹೇಗೆ ಅನ್ನೋದು ವಿಷಯ. ‘ಯುವ ಮತದಾರರ ಓಲೈಕೆ’ ಅಂತ ಬರೆದುಕೊಟ್ಟೆ. ಪ್ರಿನ್ಸಿಪಾಲರು ‘ಓಲೈಕೆ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದರು, ಅದು ಬೈಗುಳವಂತೆ. ‘ಸೆಳೆತ’ ಅಂದರೆ ಸೀರೆ ಅಂಗಡಿ ಜಾಹೀರಾತಿನ ಹಾಗಿದೆ. ‘ಔಟ್‌ರೀಚ್’ ಅಂತಲೇ ಹಾಕಿಬಿಡಲೇ? ಐ.ಜಿ. ರಸ್ತೆಯ ಫ್ಲೆಕ್ಸಿನವರು ನಾಲ್ಕು ಗಂಟೆಯೊಳಗೆ ಮ್ಯಾಟರ್ ಕೇಳಿದ್ದಾರೆ. ಆರಡಿ ಅಗಲ, ಒಂದೇ ಸಾಲು.

ಕಡೂರಿನಿಂದ:
ಓಲೈಕೆಯಲ್ಲಿ ತಪ್ಪೇನಿದೆ? ಹಳಗನ್ನಡದಲ್ಲಿ ಓಲೈಸು ಅಂದರೆ ಸೇವೆ ಮಾಡು. ಓಲಗದ ನಂಟು. ನಮ್ಮ ಕಡೆ ಮದುವೆಯಲ್ಲಿ ಊದಿಸೋ ವಾಲಗವೂ ಅದೇ. ಆಗ ಅರಸನನ್ನು ಓಲೈಸುತ್ತಿದ್ದರು, ಈಗ ಹದಿನೆಂಟರ ಹುಡುಗನನ್ನು. ಪತ್ರಿಕೆಯವರು ತುಷ್ಟೀಕರಣಕ್ಕೆ ಬಳಸಿ ಬಳಸಿ ಒಳ್ಳೇ ಪದ ಕೆಡಿಸಿದರು. ನಿಮ್ಮ ಪ್ರಿನ್ಸಿಪಾಲರಿಗೆ ನಿಘಂಟು ತೋರಿಸಿ.

ತರೀಕೆರೆಯಿಂದ:
ಮೊದಲು ‘ಪ್ರತಿಪಕ್ಷ’, ‘ಯುವ’, ‘ಮತದಾರ’ ತೆಗೆಯಿರಿ. ಮೂರೂ ಸಂಸ್ಕೃತ. ‘ಎಳೆಯ ಓಟುಗಾರರ ಒಲಿಸುಗೆ’ ಅನ್ನಿ. ಔಟ್‌ರೀಚ್ ಸುದ್ದಿಯೇ ಬೇಡ.

ಮೂಡಿಗೆರೆಯಿಂದ:
ಮತದಾರದ ‘ದಾರ’ ಜಮೀನ್ದಾರ, ಸುಬೇದಾರದ ದಾರ. ಪಾರಸಿ. ಓಟು ಇಂಗ್ಲಿಷು. ‘ಓಟುಗಾರ’ ಹಾಕಿದರೆ ಹುಡುಗರು ಓಟಗಾರ ಅಂತ ಓದಿ ಶೂ ಹಾಕಿಕೊಂಡು ಬರುತ್ತಾರೆ.

1978ರ ಉಪಚುನಾವಣೆಗೆ ಇಂದಿರಾ ಗಾಂಧಿ ಇಲ್ಲಿ ವೀರೇಂದ್ರ ಪಾಟೀಲರ ಎದುರು ನಿಂತಾಗ ಅವರೂ ದೆಹಲಿಯಲ್ಲಿ ಪ್ರತಿಪಕ್ಷವೇ. ನನಗೆ ಹತ್ತೊಂಬತ್ತು. ಓಟಿಗೆ ಇಪ್ಪತ್ತೊಂದಾಗಬೇಕಿತ್ತು. ಮೈದಾ ಅಂಟಿನ ಬಕೆಟ್ ಹಿಡಿದು ಗೋಡೆ ಗೋಡೆಗೆ ಪೋಸ್ಟರ್ ಹಚ್ಚಿದ್ದೇ ಬಂತು, ನಮ್ಮನ್ನು ಓಲೈಸಿದವರು ಯಾರೂ ಇಲ್ಲ. ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಆಮೇಲೆ ಈ ವಯಸ್ಸಿನವರಿಗೂ ಬೆಲೆ ಬಂತು.

2022ರಲ್ಲಿ, ಆಗ ಪ್ರತಿಪಕ್ಷದಲ್ಲಿದ್ದ ಕಾಂಗ್ರೆಸ್ಸಿನವರು ಮುಖ್ಯಮಂತ್ರಿಯನ್ನು ಲಂಚದ ಆರೋಪದಲ್ಲಿ ಅಣಕಿಸೋ ಕ್ಯೂಆರ್ ಕೋಡಿನ ‘ಪೇಸಿಎಂ’ ಪೋಸ್ಟರ್ ಅಂಟಿಸಿದರು. ಮರುವರ್ಷ ಚುನಾವಣೆಗೆ ಮುಂಚೆ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಅಂತ ‘ಯುವನಿಧಿ’ ಭರವಸೆ ಕೊಟ್ಟರು. ಒಂದು ಇಂಗ್ಲಿಷು, ಇನ್ನೊಂದು ಸಂಸ್ಕೃತ. ಯಾವ ಹುಡುಗನೂ ಅರ್ಥ ಕೇಳಲಿಲ್ಲ.

ತರೀಕೆರೆಯಿಂದ:
ಕೇಳದೇ ಇರೋದೇ ರೋಗ. ‘ಹರೆಯದ ಹಣ’ ಅಂದಿದ್ದರೆ ದುಡ್ಡು ಕಮ್ಮಿ ಬರುತ್ತಿತ್ತೇ?

ಕಡೂರಿನಿಂದ:
‘ಹಣ’ದ ಹುಟ್ಟು ನೋಡಿ. ‘ಪಣ’ ಅಂತ ಸಂಸ್ಕೃತದಲ್ಲೂ ಇದೆ.

ತರೀಕೆರೆಯಿಂದ:
ಅವರು ನಮ್ಮಿಂದ ತೆಗೆದುಕೊಂಡಿರಬಹುದಲ್ಲ! ಎಲ್ಲಾ ಅಲ್ಲಿಂದಲೇ ಬಂತು ಅನ್ನೋರ ಹತ್ತಿರ ವಾದ ಬೇಡ.

ಪ್ರಶ್ನೆ ಕೇಳಿದವಳು:
ಗಂಟೆ ಮೂರೂ ಐವತ್ತು. ‘ಹೊಸ ಮತದಾರರತ್ತ ಪ್ರತಿಪಕ್ಷಗಳು’ ಅಂತ ಕೊಟ್ಟುಬಂದೆ. ಕಡೂರಿನ ಸರ್, ವಾಲಗದ ವಿಷಯ ಪ್ರಿನ್ಸಿಪಾಲರಿಗೆ ಹೇಳಿದೆ. ಹಾಗಾದರೆ ಇನ್ನೂ ಬೇಡ ಅಂದರು.

ತರೀಕೆರೆಯಿಂದ:
‘ಹೊಸ’, ‘ಅತ್ತ’ ಎರಡಾದರೂ ಕನ್ನಡ.