ಮೈಸೂರಿನ ಮಹಾರಾಣಿ ಸಲೂನು ಯಾರದ್ದು? ಎರಡು ಅಳತೆಯ ಹಳಿ ಮೇಲೆ ಓಡೋದು ಹೇಗೆ?

ಪ್ರಶ್ನೆ

ಹೋದ ವಾರ ಮಗಳ ಜೊತೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿದ್ದೆ. 1899ರ ಮಹಾರಾಣಿ ಸಲೂನು, ಅಂದರೆ ಅರಮನೆಯವರ ಖಾಸಗಿ ರೈಲು ಡಬ್ಬಿ ನೋಡಿದೆವು. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲವೂ ಅದರಲ್ಲೇ ಇದೆ. ಆದರೆ ಈಗಿನ ರೈಲಿನಷ್ಟು ಅಗಲ ಇಲ್ಲ. "ರಾಣಿಗೆ ಯಾಕಮ್ಮ ಇಷ್ಟು ಚಿಕ್ಕ ರೈಲು?" ಅಂತ ಮಗಳು ಕೇಳಿದಳು. ನನಗೆ ಹೇಳಲು ತಿಳಿಯಲಿಲ್ಲ. ಆ ಮಹಾರಾಣಿ ಯಾರು? ಅರಮನೆಯವರ ಸಲೂನು ಮೀಟರ್ ಗೇಜ್ (ಕಿರಿದಾದ ಹಳಿ), ಬ್ರಾಡ್ ಗೇಜ್ (ಅಗಲದ ಹಳಿ) ಎರಡರಲ್ಲೂ ಹೋಗುತ್ತಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಹಾಗೆ ಓಡಿಸೋಕೆ ಆಗುತ್ತಾ?

ಉತ್ತರ 1

ಆಗುತ್ತೆ. ನಾನು 31 ವರ್ಷ ಕ್ಯಾರೇಜ್ ಫಿಟ್ಟರ್, ಅಂದರೆ ರೈಲು ಡಬ್ಬಿ ರಿಪೇರಿ ಮಾಡುವವನು ಆಗಿದ್ದವನು, ಈ ಕೆಲಸ ಕೈಯಾರೆ ಮಾಡಿದ್ದೇನೆ.

ಮೊದಲು ಒಂದು ಪದ. ಜನ ಇಡೀ ಡಬ್ಬಿಗೆ ಬೋಗಿ ಅನ್ನುತ್ತಾರೆ. ವರ್ಕ್‌ಶಾಪಿನಲ್ಲಿ ಬೋಗಿ ಅಂದರೆ ಕೆಳಗಿರುವ ಚಕ್ರ, ಸ್ಪ್ರಿಂಗು, ಚೌಕಟ್ಟು ಸೇರಿದ ಗಾಡಿ ಮಾತ್ರ. ಮೇಲಿನ ಮನೆಗೆ ನಾವು ಬಾಡಿ ಅನ್ನುತ್ತೇವೆ. ಬಾಡಿ ಬೋಗಿಗೆ ಅಂಟಿಕೊಂಡಿರೋದಿಲ್ಲ. ನಡುವೆ ಒಂದು ಪಿವಟ್ (ತಿರುಗುವ ಕೀಲು) ಇರುತ್ತೆ, ಅದರ ಮೇಲೆ ಕೂತಿರುತ್ತೆ ಅಷ್ಟೆ. ಬ್ರೇಕಿನ ಜೋಡಣೆ ಬಿಚ್ಚಿ, ನಾಲ್ಕು ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿದರೆ ಬೋಗಿಯನ್ನು ತಳ್ಳಿಕೊಂಡು ಹೊರಗೆ ತರಬಹುದು. ಮೀಟರ್ ಗೇಜಿನ ಹಳಿಗಳ ನಡುವೆ 1000 ಮಿಲಿಮೀಟರ್, ಬ್ರಾಡ್ ಗೇಜಿನಲ್ಲಿ 1676. ಯಾವ ಹಳಿಗೆ ಹೋಗಬೇಕೋ ಆ ಅಳತೆಯ ಬೋಗಿ ಕೆಳಗೆ ತಂದು ಬಾಡಿ ಇಳಿಸಬೇಕು. ಮರದ ಬಾಡಿ ಆದರೆ ನಾಲ್ಕೂ ಜ್ಯಾಕ್ ಒಟ್ಟಿಗೆ ಏರಬೇಕು. ಒಂದು ಮೂಲೆ ಮುಂದಾದರೂ ಬಾಗಿಲ ಚೌಕಟ್ಟು ಕಿರ್ ಅನ್ನುತ್ತೆ. ಆ ಸದ್ದು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು.

ಬೋಗಿ ಬದಲಿಸಿದರೆ ಮುಗಿಯಲಿಲ್ಲ. ನಮ್ಮ ಮೀಟರ್ ಗೇಜಿನಲ್ಲಿ ಬಫರು (ಡಬ್ಬಿಗಳ ನಡುವಿನ ಧಕ್ಕೆ ತಡೆಯುವ ಭಾಗ), ಡಬ್ಬಿ ಜೋಡಿಸುವ ಕೊಕ್ಕೆ ಎರಡೂ ಸೇರಿ ಮಧ್ಯದಲ್ಲಿ ಒಂದೇ ಇರುತ್ತಿತ್ತು. ಹಳೆ ಬ್ರಾಡ್ ಗೇಜಿನಲ್ಲಿ ಎರಡು ಪಕ್ಕ ಎರಡು ಬಫರು, ನಡುವೆ ತಿರುಗಿಸಿ ಬಿಗಿಯುವ ಕೊಂಡಿ, ಅಂದರೆ ಸ್ಕ್ರೂ ಕಪ್ಲಿಂಗು. ಎತ್ತರವೂ ಬೇರೆ. ಅದನ್ನೂ ಹೊಂದಿಸಬೇಕು.

ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆಗ ಬೆಂಗಳೂರು–ಮೈಸೂರು ಲೈನು ಮೀಟರ್ ಗೇಜು ಆಗಿತ್ತು. ಅದರಲ್ಲಿ ಓಡುವ ಬಾಡಿ ಕಿರಿದಾಗಿಯೇ ಇರಬೇಕಿತ್ತು. ಕಿರಿದಾದ ಬಾಡಿ ದೊಡ್ಡ ಹಳಿ ಮೇಲೆ ಹೋಗಬಹುದು, ಅಗಲದ ಬಾಡಿ ಚಿಕ್ಕ ಲೈನಿನ ಪ್ಲಾಟ್‌ಫಾರ್ಮಿಗೆ ತಗುಲುತ್ತೆ. ಬೆಂಗಳೂರಿನಿಂದ ಮದ್ರಾಸಿಗೆ ಮೊದಲಿನಿಂದಲೂ ಬ್ರಾಡ್ ಗೇಜು. ಹಾಗಾಗಿ ಮೈಸೂರಿಂದ ಮದ್ರಾಸಿಗೆ ಹೊರಟವರು ಬೆಂಗಳೂರಲ್ಲಿ ಗಾಡಿ ಬದಲಿಸಬೇಕಿತ್ತು, ಇಲ್ಲವೇ ಗಾಡಿಯ ಕಾಲು, ಅಂದರೆ ಬೋಗಿ ಬದಲಿಸಬೇಕಿತ್ತು.

ಉತ್ತರ 2

ಮಹಾರಾಣಿ ಯಾರು ಅನ್ನೋದಕ್ಕೆ ನಾನು ಹೇಳುತ್ತೇನೆ. 1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಒಡೆಯರ್ ಆಗ ಹತ್ತು ವರ್ಷದ ಹುಡುಗ. 1902ರಲ್ಲಿ ಅವರು ಅಧಿಕಾರ ವಹಿಸಿಕೊಳ್ಳುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರೇ ರೀಜೆಂಟ್ ಆಗಿ, ಅಂದರೆ ಮಗನ ಪರವಾಗಿ ರಾಜ್ಯ ನೋಡಿಕೊಂಡರು. 1897ರಲ್ಲಿ ಹಳೆ ಮರದ ಅರಮನೆ ಸುಟ್ಟುಹೋಗಿತ್ತು, 1899ರಲ್ಲಿ ಹೊಸದು ಇನ್ನೂ ಕಟ್ಟುತ್ತಿದ್ದರು. ಅಂದರೆ ಆ ಸಲೂನು ಬಂದ ವರ್ಷ ಮೈಸೂರನ್ನು ಆಳುತ್ತಿದ್ದವರು ಒಬ್ಬ ಹೆಣ್ಣುಮಗಳು. ಮಗಳಿಗೆ ಇದನ್ನು ಖಂಡಿತ ಹೇಳಿ.

ದೆಹಲಿಗೆ ಹೋದರೆ ಚಾಣಕ್ಯಪುರಿಯ ರೈಲ್ವೆ ಮ್ಯೂಸಿಯಂ ಬಿಡಬೇಡಿ. ಅಲ್ಲೂ ಮೈಸೂರು ಮಹಾರಾಜರ ಸಲೂನು ಇದೆ. 1875ರ ಪ್ರಿನ್ಸ್ ಆಫ್ ವೇಲ್ಸ್ ಸಲೂನೂ ಇದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ರಾಣಿ ವಿಷಯ ಕೇಳಿ ಖುಷಿಪಟ್ಟಳು. ಆದರೆ ಅವಳಿಗೆ ಈಗ ಜ್ಯಾಕ್ ನೋಡಬೇಕಂತೆ!

ಉತ್ತರ 1

ಮತ್ತೆ ಕರೆದುಕೊಂಡು ಹೋಗಿ. ಈ ಸಲ ಒಳಗಿನ ಕುರ್ಚಿ ಆಮೇಲೆ ನೋಡಿ. ಮೊದಲು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಡಿಯ ಅಡಿ ನೋಡೋಕೆ ಹೇಳಿ. ಎಡಗಡೆ ಒಂದು ಬೋಗಿ, ಬಲಗಡೆ ಒಂದು. ಬಾಡಿ ಎಲ್ಲಿ ಕೂತಿದೆ ಅಂತ ಅವಳೇ ಹುಡುಕಲಿ.